ಪುಷ್ಪಾಳ ಪಾಲಿಮರ್ ಮತ್ತು ಜರ್ಮನಿಯ ಕಿಟಕಿ

ಹೊರಡುವ ಮೊದಲೇ

ಜರ್ಮನಿಗೆ ಹೋಗಬೇಕಾದವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರವಾಸದುದ್ದಕ್ಕೂ ನನ್ನ ಹೊಟ್ಟೆಯಲ್ಲಿದ್ದ ಉರಿ ಶುರುವಾದದ್ದು ಅಲ್ಲಿಂದಲೇ. ಹೋಗಬೇಕಾದವಳು ನನ್ನ ಪಿಎಚ್.ಡಿ. ವಿದ್ಯಾರ್ಥಿನಿ ಪುಷ್ಪಾ. ಜಂಗಮಕೋಟೆಯ ಹುಡುಗಿ, ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿ ರಸ್ತೆಯಲ್ಲಿರುವ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ವರ್ಷ ಜೀವ ತೇಯ್ದು ಅವಳೊಂದು ಪಾಲಿಮರ್ ತಯಾರಿಸಿದ್ದಳು. ಅದನ್ನು ಅಲ್ಲಿನ ದೊಡ್ಡ ಎಕ್ಸ್-ರೇ ಯಂತ್ರದಲ್ಲಿ ಪರೀಕ್ಷಿಸಲು ಅವಳೇ ಹೋಗುವುದೆಂದು ನಿರ್ಧಾರವಾಗಿತ್ತು. ವೀಸಾ ಕೊಡುವವರು ಕೊಡಲಿಲ್ಲ. ಹೋದವಳು ವಾಪಸು ಬರುತ್ತಾಳೆಂಬ ನಂಬಿಕೆ ಅವರಿಗೆ ಬರಲಿಲ್ಲವಂತೆ.

"ಸೊಪ್ಪು ಕೊಯ್ಯೋ ಹೊತ್ಗೆ ನಾನ್ ಮನೇಲಿಲ್ಲ ಅಂದ್ರೆ ನಮ್ಮಮ್ಮ ಬೀದಿಬೀದಿ ಹುಡುಕ್ಕೊಂಡ್ ಬರ್ತಾಳೆ ಮೇಡಂ. ನಾನು ವಾಪಸ್ ಬರಲ್ವಂತೆ" ಎಂದು ಪುಷ್ಪಾ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಅವಳ ಜಾಗದಲ್ಲಿ ಹೊರಟೆ.

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅಮ್ಮಿ ಸೂಟ್‌ಕೇಸಿಗೆ ಚಟ್ನಿಪುಡಿ ತುಂಬುತ್ತಾ, "ಅಲ್ಲಿ ಹೋಗಿ ಯಾರ ಹತ್ರಾನೂ ಜಗಳ ಆಡ್ಬೇಡಮ್ಮ" ಎಂದು ಕನ್ನಡದಲ್ಲೇ ಹೇಳಿದಳು. ಮನೆಯಲ್ಲಿ ನಾವು ಉರ್ದು ಮಾತಾಡುವವರು. ಅಮ್ಮಿಯ ಬಾಯಲ್ಲಿ ಕನ್ನಡ ಬಂತೆಂದರೆ ಅದು ಬುದ್ಧಿವಾದವೆಂದೇ ಅರ್ಥ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಒಲೆಗಳ ನಡುವೆ ಬೆಳೆದವಳು ನಾನು, ಆ ಬಿಸಿ ನನ್ನ ತಲೆಗೇ ಹತ್ತಿಕೊಂಡಿದೆ ಎಂದು ಅವಳ ದೂರು.

ಆ ಪಾಲಿಮರ್ ಏನೆಂದು ಹೇಳದೆ ಮುಂದೆ ಹೋದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಒಂದೇ ಮನೆಯಲ್ಲಿರುವ ಇಬ್ಬರು ಓರಗಿತ್ತಿಯರನ್ನು ನೆನೆಸಿಕೊಳ್ಳಿ. ಒಬ್ಬರನ್ನು ಕಂಡರೆ ಒಬ್ಬರಿಗಾಗದು, ಮನೆ ಬಿಟ್ಟು ಹೋಗುವಂತೆಯೂ ಇಲ್ಲ. ಕೊನೆಗೆ ಅಡುಗೆಮನೆಯ ಈ ಕಟ್ಟೆ ಇವಳದ್ದು, ಆ ಕಟ್ಟೆ ಅವಳದ್ದು ಎಂದು ಯಾರೂ ಹೇಳದೆಯೇ ಹಂಚಿಕೆಯಾಗುತ್ತದೆ. ನಮ್ಮ ಅಣುವಿನ ಕಥೆಯೂ ಇದೇ. ಪರಸ್ಪರ ಬೆರೆಯದ ಎರಡು ಸರಪಳಿಗಳನ್ನು ತುದಿಯಲ್ಲಿ ಗಂಟು ಹಾಕಿರುತ್ತೇವೆ. ತೆಳ್ಳಗೆ ಬಳಿದು, ಸ್ವಲ್ಪ ಸಡಿಲಿಸಿ, ಸುಮ್ಮನೆ ಬಿಟ್ಟರೆ ಅವು ತಾವಾಗಿಯೇ ಜಾಗ ಹಂಚಿಕೊಂಡು ಸಾಲುಗಟ್ಟುತ್ತವೆ. ಒಂದು ಕಂಬಕಂಬವಾಗಿ ನಿಲ್ಲುತ್ತದೆ, ಇನ್ನೊಂದು ಸುತ್ತ ತುಂಬಿಕೊಳ್ಳುತ್ತದೆ. ಆಮೇಲೆ ಕಂಬಗಳನ್ನು ಕರಗಿಸಿ ತೊಳೆದರೆ ಉಳಿಯುವುದು ಒಂದು ಜರಡಿ. ಅದರ ತೂತುಗಳು ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣವು. ಯಾವ ಮೊಳೆಯಿಂದಲೂ ಅಂಥ ತೂತು ಕೊರೆಯಲಾಗದು, ಅಣುಗಳೇ ಕಟ್ಟಿಕೊಳ್ಳಬೇಕು.

ಗೌರಿಬಿದನೂರು, ಚಿಂತಾಮಣಿ ಕಡೆ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಿದ ಮಕ್ಕಳನ್ನು ನೋಡಿದವರಿಗೆ ಇಂಥ ಜರಡಿ ಯಾಕೆಂದು ಹೇಳಬೇಕಿಲ್ಲ. ಫ್ಲೋರೈಡ್ ಹಿಡಿಯುವ ಅಣುಗಳನ್ನು ಆ ತೂತುಗಳ ಗೋಡೆಗೆ ಅಂಟಿಸುವುದು ನಮ್ಮ ಮುಂದಿನ ಕೆಲಸ. ಅದಕ್ಕೆ ಮೊದಲು ತೂತುಗಳು ಸಾಲಾಗಿ ಬರುತ್ತವೆಂದು ಸಾಬೀತು ಮಾಡಬೇಕು. ಸಾಬೀತಾದರೆ ಪುಷ್ಪಾಳ ಪ್ರಬಂಧ ಗೆದ್ದಂತೆ. ಇಲ್ಲವಾದರೆ ಅವಳ ಮೂರು ವರ್ಷ ನೀರುಪಾಲು.

ವಿಮಾನ ನಿಲ್ದಾಣ

ಫ್ರಾಂಕ್‌ಫರ್ಟಿನಲ್ಲಿ ಒಬ್ಬ ಅಧಿಕಾರಿ ನನ್ನ ಸೂಟ್‌ಕೇಸ್ ತೆರೆಸಿದ. ಪುಷ್ಪಾಳ ಪಾಲಿಮರ್ ಬೆಳ್ಳಗಿನ ಪುಡಿ, ಸಣ್ಣ ಗಾಜಿನ ಸೀಸೆಯಲ್ಲಿತ್ತು. ಅದರ ಬಗ್ಗೆ ಏನು ಕೇಳುತ್ತಾನೋ ಎಂದು ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆ ಪುಣ್ಯಾತ್ಮ ಸೀಸೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಮ್ಮಿಯ ಚಟ್ನಿಪುಡಿಯನ್ನು ಮಾತ್ರ ಕೈಗವಸು ಹಾಕಿಕೊಂಡು ಎತ್ತಿ, ಮೂಸಿ, ಸೀನಿ, ಇನ್ನೊಬ್ಬನನ್ನು ಕರೆದು ಅವನಿಂದಲೂ ಸೀನಿಸಿದ. ಇದೇನು ಎಂದು ಕೇಳಿದಾಗ ಕಡಲೆಬೇಳೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಂದು ಅಡುಗೆ ಪಾಠ ಮಾಡಿದೆ. ಹೊರಗೆ ಬಂದು ಕೊಂಡ ನೀರಿನ ಬಾಟಲಿ ತೆರೆದರೆ ಅದು ಸೋಡಾ. ಅದು ಅರ್ಧ ನನ್ನ ದುಪಟ್ಟಾ ಮೇಲೆ ಸುರಿಯಿತು. ಬಾಯಾರಿದವಳಿಗೆ ಸೋಡಾ ಕೊಡುವ ದೇಶ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ನದಿ ದಡದ ಊರು

ನಾನು ಉಳಿದುಕೊಂಡದ್ದು ರೈನ್ ನದಿಯ ದಡದ ಒಂದು ಊರಿನಲ್ಲಿ. ಊರು ಚಂದ, ಅದನ್ನು ಇಲ್ಲವೆನ್ನುವುದಿಲ್ಲ. ಚಳಿಗಾಲದ ಬೆಳಗು, ಖಾಲಿ ರಸ್ತೆ, ಒಂದು ಸೈಕಲ್ಲೂ ಇಲ್ಲ. ನಾನು ಶಿಡ್ಲಘಟ್ಟದ ಮಾರುಕಟ್ಟೆ ರಸ್ತೆಯಲ್ಲಿ ರೇಷ್ಮೆಗೂಡು ತುಂಬಿದ ಆಟೋಗಳ ನಡುವೆ ನುಗ್ಗಿ ದಾಟುವವಳು, ಎಂದಿನಂತೆ ದಾಟಿಬಿಟ್ಟೆ. ಆಚೆ ಬದಿಯಲ್ಲಿ ಕೆಂಪು ದೀಪ ನೋಡುತ್ತಾ ನಿಂತಿದ್ದ ಮುದುಕಿಯೊಬ್ಬಳು ಮಕ್ಕಳು ನೋಡಿದರೆ ಏನು ಕಲಿಯುತ್ತಾರೆ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಸುತ್ತ ನೋಡಿದೆ, ಒಂದು ಮಗುವೂ ಇರಲಿಲ್ಲ. ಇಲ್ಲದ ಮಕ್ಕಳ ಕ್ಷಮೆ ಕೇಳಿ ಮುಂದೆ ಹೋದೆ.

ಪ್ರಯೋಗಾಲಯದ ಮುಖ್ಯಸ್ಥರು ಪ್ರೊಫೆಸರ್ ಮಥಿಯಾಸ್. ಎತ್ತರದ ಮನುಷ್ಯ, ದನಿ ಬಹಳ ಮೆದು. ಜಗಳವಾಡಲು ಎದುರಿನವರ ದನಿಯೂ ಸ್ವಲ್ಪ ಏರಬೇಕು, ಇವರದ್ದು ಏರುತ್ತಲೇ ಇರಲಿಲ್ಲ. ತೆಳುಪದರ ಬಳಿಯುವ ಕೋಣೆ ಹಳೆಯ ಕಟ್ಟಡದಲ್ಲಿತ್ತು, ದೊಡ್ಡ ದೊಡ್ಡ ಕಿಟಕಿಗಳು. ಅದನ್ನು ನೋಡಿಕೊಳ್ಳುತ್ತಿದ್ದವಳು ಗಿಸೆಲಾ, ನನಗಿಂತ ಹಿರಿಯಳು. ಅವಳ ಮೇಜಿನ ಮೇಲೆ ಧೂಳಿನ ಒಂದು ಕಣವೂ ಕೂರಲು ಹೆದರುತ್ತಿತ್ತು.

ಸರಪಳಿಗಳನ್ನು ಸಡಿಲಿಸಲು ಎರಡು ದಾರಿಗಳಿವೆ. ಒಲೆಯಲ್ಲಿಟ್ಟು ಬಿಸಿ ಮಾಡುವುದು ಒಂದು. ಪುಷ್ಪಾಳ ಪಾಲಿಮರ್ ಬಿಸಿಗೆ ಸುಟ್ಟುಹೋಗುತ್ತದೆ, ಅದಕ್ಕೆ ಎರಡನೆಯ ದಾರಿಯೇ ಗತಿ. ಪದರ ಬಳಿದ ಸಿಲಿಕಾನ್ ಚೂರನ್ನು ಗಾಜಿನ ಮುಚ್ಚಳದಡಿ ಇಟ್ಟು, ಪಕ್ಕದಲ್ಲಿ ಒಂದು ಬಟ್ಟಲು ದ್ರಾವಕ ಇಡುವುದು. ದ್ರಾವಕದ ಆವಿ ಕುಡಿದು ಪದರ ಮೆತ್ತಗಾಗುತ್ತದೆ, ಅಣುಗಳು ಅಲುಗಾಡಿ ಜಾಗ ಹುಡುಕಿಕೊಳ್ಳುತ್ತವೆ. ಊರಿನಲ್ಲಿ ಪುಷ್ಪಾ ಇದನ್ನು ಮಾಡುವಾಗ ಬಾಗಿಲು ಹಾಕಿ ಹೊರಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. "ಹುಳ ಜ್ವರಕ್ಕೆ ಕೂತಂಗೆ ಮೇಡಂ, ಯಾರೂ ತಂಟೆ ಮಾಡ್ಬಾರ್ದು" ಎನ್ನುತ್ತಿದ್ದಳು. ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಹುಳುವನ್ನು ಯಾರೂ ಮುಟ್ಟುವುದಿಲ್ಲ.

ಊಟದ ಹೊತ್ತು

ಮೊದಲ ದಿನ ಬೆಳಿಗ್ಗೆ ಚೂರುಗಳನ್ನು ಮುಚ್ಚಳದಡಿ ಇಟ್ಟೆ. ಮಧ್ಯಾಹ್ನವಾಗುತ್ತಿದ್ದಂತೆ ಓಣಿಯಲ್ಲಿ ಎದುರಾದವರೆಲ್ಲ ಒಬ್ಬರಿಗೊಬ್ಬರು "ಮಾಲ್‌ಝೈಟ್" ಎನ್ನತೊಡಗಿದರು. ಊಟದ ಹೊತ್ತಾಯಿತು ಎಂದರ್ಥ. ನಮಸ್ಕಾರವೂ ಅದೇ, ಅಪ್ಪಣೆಯೂ ಅದೇ. ಎಲ್ಲರೂ ಒಟ್ಟಿಗೆ ಕ್ಯಾಂಟೀನಿಗೆ ಹೋಗಬೇಕು, ಅತಿಥಿ ಹಿಂದುಳಿಯುವುದು ಚೆನ್ನಾಗಿರುವುದಿಲ್ಲ. ಬೇಯಿಸಿದ ಆಲೂಗಡ್ಡೆಗೆ ಅಮ್ಮಿಯ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಒಬ್ಬ ಸಂಶೋಧಕ ಒಂದು ಚಮಚ ಕೇಳಿ ಹಾಕಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಾ ಬಹಳ ಆಸಕ್ತಿಕರ ಎಂದ.

ಸಂಜೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಲೂ ಇಲ್ಲ, ಕಂಬವೂ ಇಲ್ಲ. ಎಣ್ಣೆ ಬಾಂಡಲಿಗೆ ನೀರು ಬಿದ್ದ ಹಾಗೆ ಪದರವೆಲ್ಲ ಹನಿಹನಿಯಾಗಿ ಒಡೆದುಹೋಗಿತ್ತು. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ನಮ್ಮೂರಿನಲ್ಲಿ, ಆಗಾಗ ಕರೆಂಟು ಹೋಗುವ ಕೋಣೆಯಲ್ಲಿ ಬಂದದ್ದು ಈ ಕನ್ನಡಿಯಂಥ ಕೋಣೆಯಲ್ಲಿ ಯಾಕೆ ಬರುತ್ತಿಲ್ಲ ಎಂದು ನನಗೆ ತಲೆ ಚಿಟ್ಟುಹಿಡಿಯಿತು.

ಮಥಿಯಾಸರಿಗೆ ಚಿಟ್ಟು ಹಿಡಿಯಲಿಲ್ಲ. ಅವರಿಗೆ ಉತ್ತರ ಸಿದ್ಧವಾಗಿತ್ತು. "ಪಾಲಿಮರ್ ಶುದ್ಧವಾಗಿಲ್ಲ. ಭಾರತದಿಂದ ಬರುವ ಮಾದರಿಗಳಲ್ಲಿ ಇದು ಸಾಮಾನ್ಯ, ಬೇಸರ ಮಾಡಿಕೊಳ್ಳಬೇಡಿ" ಎಂದರು. ಶುದ್ಧತೆಯ ಪರೀಕ್ಷೆ ನಾವು ಮಾಡಿದ್ದೇವೆ, ಫಲಿತಾಂಶ ನಿಮಗೆ ಕಳಿಸಿದ್ದೇವೆ, ನೋಡಿದಿರಾ ಎಂದು ಕೇಳಿದೆ. ನೋಡುತ್ತೇನೆ ಎಂದರು. ನೋಡುವ ಮೊದಲೇ ಎರಡೂ ದೇಶಗಳ ನಮ್ಮ ಜಂಟಿ ಯೋಜನೆಯಲ್ಲಿದ್ದವರಿಗೆಲ್ಲ ಇಮೇಲ್ ಕಳಿಸಿದರು. ಭಾರತದ ಪಾಲಿಮರಿನಲ್ಲಿ ಕಲ್ಮಶವಿದೆ, ಎಕ್ಸ್-ರೇ ಯಂತ್ರದಲ್ಲಿ ಅದಕ್ಕಿಟ್ಟಿದ್ದ ಸಮಯವನ್ನು ಕಂಪನಿಯೊಂದರಿಂದ ಕೊಂಡ ಪಾಲಿಮರಿಗೆ ಬಳಸುತ್ತೇವೆ ಎಂದು ಅದರಲ್ಲಿತ್ತು. ಪುಷ್ಪಾಳಿಗೂ ಹೋಗಿತ್ತು.

ನನಗೆ ಮೈ ಪರಚಿಕೊಳ್ಳುವಂತಾಯಿತು. ನನ್ನ ಕೂದಲು ನರೆತಿದೆ, ಎಷ್ಟೋ ಮಾತು ಕೇಳಿದ್ದೇನೆ, ಕೇಳಿಸಿಕೊಳ್ಳುತ್ತೇನೆ. ಆದರೆ ಮೂರು ವರ್ಷ ಒಂದು ಹುಡುಗಿ ಒಂದೊಂದು ಗಾಜನ್ನೂ ಹತ್ತು ಸಲ ತೊಳೆದು ಮಾಡಿದ್ದನ್ನು, ಕಾಗದವನ್ನೂ ತೆರೆದು ನೋಡದೆ ಕೊಳಕು ಎಂದುಬಿಡುವುದೇ? ಕೂಡಲೇ ಪುಷ್ಪಾಳಿಗೆ ಸಂದೇಶ ಕಳಿಸಿದೆ: ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಾನು ನೋಡುತ್ತಿದ್ದೇನೆ. ಕೈ ಮುಗಿದ ಒಂದು ಚಿತ್ರ ಮಾತ್ರ ಉತ್ತರವಾಗಿ ಬಂತು.

ಕಿಟಕಿ

ಮರುದಿನ ಮಾಲ್‌ಝೈಟ್ ಎಂದವರಿಗೆಲ್ಲ ಹಸಿವಿಲ್ಲ ಎಂದೆ. ಅವರ ಮುಖ ನೋಡುತ್ತಾ ಆಲೂಗಡ್ಡೆ ತಿನ್ನುವ ಸಹನೆ ನನಗಿರಲಿಲ್ಲ. ಎಲ್ಲರೂ ಹೋದರು. ನಾನು ಕೋಣೆಯ ಮೂಲೆಯಲ್ಲಿ ಮುಚ್ಚಳದಡಿಯ ಚೂರುಗಳನ್ನು ದಿಟ್ಟಿಸುತ್ತಾ ಕೂತೆ. ಪದರ ಚೆನ್ನಾಗಿಯೇ ಇತ್ತು. ಆವಿ ಕುಡಿದು ಉಬ್ಬಿ, ನೇರಳೆಯಿಂದ ನೀಲಿಗೆ, ನೀಲಿಯಿಂದ ಹಸಿರಿಗೆ ಬಣ್ಣ ತಿರುಗುತ್ತಿತ್ತು. ಹಾಗೆಯೇ ಆಗಬೇಕು.

ಆಗ ಗಿಸೆಲಾ ಬಂದಳು. ಕೋಟು ಹಾಕಿಕೊಂಡಿದ್ದಳು, ಊಟಕ್ಕೆ ಹೊರಟಿದ್ದಳು. ನನಗೆ ತಲೆಯಾಡಿಸಿ, ಸೀದಾ ಹೋಗಿ ಕಿಟಕಿಗಳನ್ನು ಒಂದೊಂದಾಗಿ ಹಾರುಹೊಡೆದಳು. ಹೊರಗೆ ಹಿಮ ಬಿದ್ದಿತ್ತು. ಚಳಿ ಒಳಗೆ ನುಗ್ಗಿತು, ನನ್ನ ಹಲ್ಲು ಕಟಕಟ ಎಂದಿತು. ನನ್ನ ಕಣ್ಣೆದುರೇ ಗಾಜಿನ ಒಳಗೆ ಮಂಜು ಕಟ್ಟಿತು, ಪದರದ ಮೇಲೆ ದ್ರಾವಕ ಹನಿಹನಿಯಾಗಿ ಕೂತಿತು, ಹಸಿರೆಲ್ಲ ಒಡೆದು ಚೂರಾಯಿತು. ಬೆಚ್ಚಗಿದ್ದ ಆವಿಗೆ ಇದ್ದಕ್ಕಿದ್ದಂತೆ ತಣ್ಣಗಾದರೆ ಹನಿಯಾಗಿ ಇಳಿಯದೆ ಬೇರೆ ದಾರಿಯಿಲ್ಲ.

"ದಿನಾ ಹೀಗೆ ತೆಗೆಯುತ್ತೀರಾ?" ಎಂದು ಕೇಳಿದೆ.

"ಖಂಡಿತ. ದಿನಾ ಊಟದ ಹೊತ್ತಿಗೆ. ಕೆಟ್ಟ ಗಾಳಿ ಹೊರಗೆ ಹೋಗಬೇಕಲ್ಲ" ಎಂದಳು ಗಿಸೆಲಾ. "ನನ್ನ ಮನೆಯಲ್ಲೂ ಹಾಗೆಯೇ. ನಿಮ್ಮಲ್ಲಿ ತೆಗೆಯುವುದಿಲ್ಲವೇ?"

ಆ ದೇಶದಲ್ಲಿ ಎಂಥ ಚಳಿಯಿರಲಿ, ದಿನಕ್ಕೆ ಒಂದೆರಡು ಸಲ ಕಿಟಕಿ ಅಗಲವಾಗಿ ತೆರೆದು ಗಾಳಿ ಬದಲಿಸದಿದ್ದರೆ ಅವರಿಗೆ ಉಸಿರು ಕಟ್ಟಿದಂತಾಗುತ್ತದೆ. ಒಲೆಯೊಳಗೆ ಬೇಯುವ ಅವರ ಪಾಲಿಮರಿಗೆ ಇದರಿಂದ ಏನೂ ಆಗುವುದಿಲ್ಲ. ಆವಿಯಲ್ಲಿ ಕೂತ ನಮ್ಮದಕ್ಕೆ ಮಾತ್ರ ದಿನಾ ಊಟದ ಹೊತ್ತಿಗೆ ಸಾವು. ನಾವು ಊಟ ಮುಗಿಸಿ ಬರುವಷ್ಟರಲ್ಲಿ ಗಿಸೆಲಾ ಮೊದಲೇ ಬಂದು ಕಿಟಕಿ ಮುಚ್ಚಿರುತ್ತಿದ್ದಳು, ಕೋಣೆ ಮತ್ತೆ ಬೆಚ್ಚಗಾಗಿರುತ್ತಿತ್ತು. ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಬೇರೆ ದೇಶದ ಹುಡುಗಿ ಮಾಡಿದ್ದು ಕೊಳಕು ಎಂದು ಊರಿಗೆಲ್ಲ ಸಾರುವ ಮೊದಲು ತಮ್ಮ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಬೇಕೆಂದು ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಿಸೆಲಾ ಒಳ್ಳೆಯವಳು. ಒಡೆದ ಪದರ ನೋಡಿ ಅವಳ ಮುಖವೂ ಇಳಿಯಿತು. ಒಂದು ದಿನ ಕಿಟಕಿ ಮುಚ್ಚಿಡಿ ಎಂದಾಗ ಮಾತ್ರ, ಊಟ ಬಿಡು ಎಂದಂತೆ ನನ್ನನ್ನು ನೋಡಿದಳು. ಆದರೂ ಒಪ್ಪಿದಳು. ಮರುದಿನ ತಾನೂ ಕ್ಯಾಂಟೀನಿಗೆ ಹೋಗದೆ, ಯಾರೂ ಬಂದು ಕಿಟಕಿ ತೆರೆಯದಂತೆ ಬ್ರೆಡ್ಡು ತಿನ್ನುತ್ತಾ ಕಾವಲು ಕೂತಳು. ಸಂಜೆ ಸೂಕ್ಷ್ಮದರ್ಶಕದ ಪರದೆಯ ಮೇಲೆ ಬಂತು ನೋಡಿ, ಹಿಪ್ಪುನೇರಳೆ ತೋಟದಲ್ಲಿ ಹಗ್ಗ ಹಿಡಿದು ನಾಟಿ ಮಾಡಿದ ಹಾಗೆ, ಸಾಲಿಗೆ ಸಾಲು, ಸಾಲಿಗೆ ಸಾಲು. ಗಿಸೆಲಾ ನನ್ನ ಭುಜ ಹಿಡಿದುಕೊಂಡಳು. ನನ್ನ ಕಣ್ಣಲ್ಲಿ ನೀರು ಬಂತು. ಎಕ್ಸ್-ರೇ ಯಂತ್ರದ ಸಮಯದಲ್ಲಿ ಕೊನೆಗೆ ಉಳಿದಿದ್ದ ತುಣುಕನ್ನು ಅವಳೇ ಹೋಗಿ ಜಗಳವಾಡಿ ನನಗೆ ಕೊಡಿಸಿದಳು. ಅಲ್ಲಿಯೂ ಅದೇ ಸಾಲು ಬಂತು.

ಮಥಿಯಾಸರ ಕೋಣೆ

"ಅದ್ಭುತ" ಎಂದರು ಮಥಿಯಾಸ್, ಅದೇ ಮೆದು ದನಿಯಲ್ಲಿ. ವರದಿಯಲ್ಲಿ 'ಪರಿಸ್ಥಿತಿ ಸುಧಾರಿಸಿದ ನಂತರ ಫಲಿತಾಂಶ ಬಂತು' ಎಂದು ಬರೆಯುತ್ತೇವೆ ಎಂದರು.

"ಪರಿಸ್ಥಿತಿ ಎಂದರೆ ಯಾವುದು? ಕಿಟಕಿ ಎಂದು ಬರೆಯಿರಿ. ಪಾಲಿಮರ್ ಶುದ್ಧವಾಗಿಯೇ ಇತ್ತು, ನಾವು ಕಿಟಕಿ ತೆರೆದು ಕೆಡಿಸಿದೆವು ಎಂದು ಎಲ್ಲರಿಗೂ ಇಮೇಲ್ ಕಳಿಸಿ. ಮೊದಲನೆಯದು ಯಾರು ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ" ಎಂದೆ.

"ಫಲಿತಾಂಶ ಬಂತಲ್ಲ, ಈಗ ಅದೆಲ್ಲ ಮುಖ್ಯವೇ? ಸರಿ, ಮುಂದಿನ ವಾರ ಕಳಿಸುತ್ತೇನೆ."

ಅಲ್ಲಿನವರು ಕೆಲಸದ ಹೊತ್ತು ಮುಗಿದ ಮೇಲೆ ಒಂದು ಗಳಿಗೆಯೂ ಕುರ್ಚಿಯಲ್ಲಿ ಕೂರುವುದಿಲ್ಲ. ಅದು ಅವರ ಧರ್ಮ. ನಾನು ಅವರ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಕಳಿಸುವವರೆಗೂ ಏಳುವುದಿಲ್ಲ ಎಂದೆ. ಅವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಗೂಟದ ಮೇಲಿದ್ದ ಕೋಟು ನೋಡಿದರು. ಅಮ್ಮಿಯ ಮಾತು ಮೀರಿದೆನೋ ಏನೋ, ನನ್ನ ಮಟ್ಟಿಗೆ ಅದು ಜಗಳವಾಗಿರಲಿಲ್ಲ, ನಾನು ಕೂತಿದ್ದೆ ಅಷ್ಟೆ. ಕೊನೆಗೆ ಅವರು ಟೈಪು ಮಾಡಿದರು. ನಾನು ಓದಿದೆ. ಕಿಟಕಿ ಎಂಬ ಪದ ಇತ್ತು. ಕಳಿಸಿದರು.

ಖುಷಿಯಲ್ಲಿ ಓಣಿಯಲ್ಲೇ ನಿಂತು ಪುಷ್ಪಾಳಿಗೆ ಫೋನ್ ಮಾಡಿದೆ. ಸಾಲು ಬಂದಿದೆ ಕಣೇ, ನಿನ್ನ ಪಾಲಿಮರಿನಲ್ಲಿ ಒಂದು ಚೂರೂ ಕಲ್ಮಶವಿರಲಿಲ್ಲ ಎಂದೆ.

"ಮೇಡಂ" ಎಂದಳು. "ನಾನು ಎಲ್ಲಾ ಸುರ್ದ್‌ಬಿಟ್ಟೆ ಮೇಡಂ."

"ಏನ್ ಸುರ್ದೆ?"

"ಇಲ್ಲಿದ್ದಿದ್ದೆಲ್ಲ. ಅವ್ರ ಮೇಲ್ ಬಂದ್ ತಕ್ಷಣಾನೇ. ನಿಮ್ ಮೆಸೇಜ್ ನೋಡೋ ಹೊತ್ಗೆ ತೊಳ್ದೂ ಆಗಿತ್ತು. ಹುಳಕ್ಕೆ ಗಂಟ್ರೋಗ ಬಂತು ಅಂದ್ರೆ ಮನೇಲಿಟ್ಕೊಳ್ಳಲ್ಲ ಮೇಡಂ. ಆ ಹುಳದ ಬೆಳೆ ಅಷ್ಟೂ ಸುಟ್ಟು, ಮನೆ ತೊಳ್ದ್‌ಬಿಡ್ತೀವಿ. ಇಟ್ಕೊಂಡ್ರೆ ಮುಂದಿನ್ ಬೆಳೆಗೂ ಹತ್ಕೊಳ್ತದೆ. ಕಲ್ಮಶ ಅಂತ ಬರ್ದಿದ್ರಲ್ಲ, ಮುಂದಿನ್ ಬ್ಯಾಚ್‌ಗೂ ಹತ್ತಿದ್ರೆ ಅಂತ ಕಸದ ಡ್ರಮ್‌ಗೆ ಸುರ್ದು, ಫ್ಲಾಸ್ಕೆಲ್ಲ ಆಸಿಡ್ ಹಾಕಿ ತೊಳ್ದೆ."

ನನ್ನ ಸೀಸೆಯ ತಳದಲ್ಲಿ ಅಂಟಿಕೊಂಡಷ್ಟು ಪುಡಿ ಉಳಿದಿತ್ತು. ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳಲ್ಲದೆ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮುಚ್ಚಿ ಕಪಾಟಿನಲ್ಲಿಡುತ್ತಿದ್ದರು.

ಮಾರನೆಯ ಬೆಳಿಗ್ಗೆ ಮಥಿಯಾಸ್ ತಾವೇ ನನ್ನ ಬಳಿ ಬಂದರು. ಫಲಿತಾಂಶ ನೋಡಿ ಎಲ್ಲರೂ ಉತ್ಸಾಹದಲ್ಲಿದ್ದಾರೆ, ಇನ್ನಷ್ಟು ಪಾಲಿಮರ್ ಕಳಿಸಿಕೊಡಲು ಸಾಧ್ಯವೇ ಎಂದು ಕೇಳಿದರು. ನಾನು ನಡೆದದ್ದು ಹೇಳಿದೆ. ಅವರು ನಿಜಕ್ಕೂ ಬೆಚ್ಚಿದರು, ಆ ಮುಖದಲ್ಲಿ ನಾಟಕವಿರಲಿಲ್ಲ.

"ಆದರೆ ಅದು ಬರೀ ಮೊದಲ ಅಂದಾಜಾಗಿತ್ತು. ಒಂದು ಇಮೇಲ್ ಅಷ್ಟೆ. ಅವಳು ಯಾಕೆ ನಮ್ಮನ್ನು ನಂಬಿದಳು?" ಎಂದರು.

ಕಪಾಳಕ್ಕೆ ಹೊಡೆದಂತಾಯಿತು. ನಿಮ್ಮ ಒಂದು ಸಾಲು ನಮ್ಮಲ್ಲಿ ಎಷ್ಟು ಭಾರವೆಂದು ಗೊತ್ತಿಲ್ಲದೆಯೇ ನೀವು ಬರೆಯುತ್ತೀರಿ ಎಂದು ಹೇಳಬೇಕಿತ್ತು. ಎದ್ದು ಹೋಗಿ ಚೀಲ ಕಟ್ಟಿದೆ. ನೋಡಬೇಕೆಂದುಕೊಂಡಿದ್ದ ಕೋಟೆಯನ್ನೂ ನೋಡಲಿಲ್ಲ, ನದಿಯ ಮೇಲಿನ ದೋಣಿಯನ್ನೂ ಹತ್ತಲಿಲ್ಲ.

ಚಿಕ್ಕಬಳ್ಳಾಪುರ

ಊರು ತಲುಪಿದ ಮಾರನೆಯ ದಿನವೇ ಪ್ರಯೋಗಾಲಯಕ್ಕೆ ಹೋದೆ. ಪುಷ್ಪಾ ಮೊದಲಿನಿಂದ ಶುರುಮಾಡಿದ್ದಳು. ಫ್ಲಾಸ್ಕಿನಲ್ಲಿ ಏನೋ ತಿರುಗುತ್ತಿತ್ತು. ಅವಳ ಕಣ್ಣುಗಳು ಒಳಗೆ ಹೋಗಿದ್ದವು. ನನ್ನನ್ನು ನೋಡಿ ಅವಳು ಎದ್ದು ನಿಂತಳು, ಬೈಯುತ್ತೇನೆಂದು ಕಾದಳು. ಬೈಯಲಿಲ್ಲ. ಮಥಿಯಾಸ್ ಕೇಳಿದ ಪ್ರಶ್ನೆಯನ್ನು ಅವಳಿಗೆ ಹೇಳಿದೆ. ನೋಡು ಅವರ ಸೊಕ್ಕು, ಯಾಕೆ ನಂಬಿದಳು ಅಂತಾರೆ ಎಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡದ್ದನ್ನೆಲ್ಲ ಕಕ್ಕಿದೆ.

ಪುಷ್ಪಾ ಫ್ಲಾಸ್ಕನ್ನೇ ನೋಡುತ್ತಾ ಕೇಳಿಸಿಕೊಂಡಳು. "ಅಷ್ಟ್ ದೊಡ್ಡೋರು ಹೇಳಿದ್ಮೇಲೆ ನಂಬ್ದೆ ಇನ್ನೇನ್ ಮಾಡ್ಲಿ ಮೇಡಂ" ಎಂದಳು. ಅದು ತಿರುಗುವ ವೇಗ ತುಸು ತಗ್ಗಿಸಿ, "ನೀವ್ ಹೇಳಿದ್ರೂ ಸುರೀತಿದ್ದೆ" ಎಂದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಮೂರು ವರ್ಷದಿಂದ ಅವಳಿಗೆ ಪಾಠ ಹೇಳುತ್ತಿರುವವಳು ನಾನು.

"ಕೇಳಿಲ್ಲಿ" ಎಂದೆ. "ಇನ್ಮೇಲೆ ಯಾರ್ ಹೇಳಿದ್ರೂ ಸುರೀಬೇಡ. ನೀನು ಮಾಡಿದ್ದು ಏನು ಅಂತ ನಿನಗೇ ಗೊತ್ತಿರೋದು. ನಾನ್ ಹೇಳಿದ್ರೂ ಸುರೀಬೇಡ. ತಿಳೀತಾ?"

ಪುಷ್ಪಾ ಕೈಕಟ್ಟಿ, ತಲೆ ತಗ್ಗಿಸಿ, "ಸರಿ ಮೇಡಂ, ನೀವ್ ಹೇಳ್ದಂಗೇ ಮಾಡ್ತೀನಿ" ಎಂದಳು.